ಎರಡು ಹೊಳೆಗಳ ನಡುವೆ ಎರಡು ದಿನ



ನನ್ನ ತಂಗಿಯ ಮಗ ಒಬ್ಬ ಬೆಂಗಳೂರಿನಲ್ಲಿದ್ದಾನೆ. ಕೆಲಸದ ಮೇಲೆ ಯುರೋಪಿಗೆ ಹೋದವನು ನಾಲ್ಕು ದಿನ ರಜೆ ಹಾಕಿ ಮಾಂಟೆನೆಗ್ರೊ ಎಂಬ ದೇಶ ನೋಡಿಕೊಂಡು ಬಂದ. ಹೆಸರು ಕೇಳಿದಾಗ ಅದು ಯಾವ ದಿಕ್ಕಿಗಿದೆ ಎಂದೇ ನನಗೆ ಹೊಳೆಯಲಿಲ್ಲ. ಬಾಲ್ಕನ್ ಸೀಮೆಯ ಪುಟ್ಟ ದೇಶವಂತೆ. ಇಟಲಿಯ ಎದುರು ದಂಡೆಯಂತೆ. 2006ರಲ್ಲಿ ಸ್ವತಂತ್ರವಾದದ್ದು. ಅಲ್ಲಿಯ ಜನಸಂಖ್ಯೆ ಆರು ಲಕ್ಷದ ಆಸುಪಾಸು. 2011ರ ಗಣತಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯ ಜನಸಂಖ್ಯೆಯೇ 19 ಲಕ್ಷ ದಾಟಿತ್ತು. ಅಂದರೆ ಅಂಥ ಮೂರು ದೇಶಗಳ ಜನ ನಮ್ಮ ಜಿಲ್ಲೆಯ ಒಂದೇ ಪಂಕ್ತಿಯಲ್ಲಿ ಕೂಡಬಹುದು!

ಹುಡುಗ ಅಲ್ಲಿಂದ ಬಂದವನೇ ಫೋನು ಮಾಡಿದ. "ಮಾಮಾ, ಅಷ್ಟು ದೂರದ ದೇಶ ನೋಡಿ ಬಂದೆ. ನಮ್ಮ ಮಸ್ಕಿ ಸೀಮಿ ಮಾತ್ರ ಒಂದ್ಸಲನೂ ಸರಿಯಾಗಿ ನೋಡಿಲ್ಲ. ಎರಡು ದಿನ ರಜಾ ಐತಿ. ಏನೇನು ತೋರಸ್ತೀರಿ?"

ನನಗೆ ಹಿಗ್ಗೋ ಹಿಗ್ಗು. ಕಾಗದ ತೆಗೆದು ಪಟ್ಟಿ ಬರೆದೆ. ಮಸ್ಕಿಯ ಅಶೋಕನ ಶಾಸನ. ಮಲ್ಲಿಕಾರ್ಜುನ ಬೆಟ್ಟ. ಸಿಂಧನೂರಿನ ಕಾಲುವೆ. ಸೋಮಲಾಪುರದ ಅಂಬಾಮಠ. ಮುದಗಲ್ ಕೋಟೆ. ಪಿಕ್ಲಿಹಾಳ. ಹಟ್ಟಿ ಚಿನ್ನದ ಗಣಿ. ಜಲದುರ್ಗ. ನಾರಾಯಣಪುರದ ಅಣೆಕಟ್ಟು. ರಾಯಚೂರು ಕೋಟೆ. ಕೊಪ್ಪಳದ ಶಾಸನಗಳು. ಎಣಿಸಿದರೆ ಹನ್ನೊಂದು ಜಾಗ. ದಿನ ಮಾತ್ರ ಎರಡು.

ಏನಾಯಿತು ಎಂದು ನೀವೇ ಊಹಿಸಬಲ್ಲಿರಿ. ಎರಡು ದಿನವೂ ಕಾರಿನಲ್ಲೇ ಕಳೆಯಿತು. ಮುದಗಲ್ ತಲುಪುವಾಗ ಹೊತ್ತು ಮುಳುಗಿತ್ತು. ಜಲದುರ್ಗದಲ್ಲಿ ನಿಂತದ್ದು ಹತ್ತೇ ನಿಮಿಷ. ಕೊಪ್ಪಳ ಸಿಗಲೇ ಇಲ್ಲ. ನನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಬಿಚ್ಚಲೂ ಪುರುಸೊತ್ತಾಗಲಿಲ್ಲ. ಒಂದು ವಾರದ ಮೇಲೆ ಹುಡುಗ ಮೊಬೈಲಿಗೆ ಒಂದು ಫೋಟೊ ಕಳಿಸಿದ. ಕೆಳಗೆ ಒಂದು ಸಾಲು: "ಮಾಮಾ, ಈ ಕೋಟಿ ಯಾವುದು? ರಾಯಚೂರೋ ಮುದಗಲ್ಲೋ?"

ಆ ಒಂದು ಸಾಲು ನನಗೆ ಪಾಠವಾಯಿತು. ಚಿಕ್ಕ ಪ್ರವಾಸವನ್ನು ಹೇಗೆ ಯೋಜಿಸಬೇಕು ಎನ್ನುವುದೇ ಇವತ್ತಿನ ಮಾತು. ದೂರದ ಬಾಲ್ಕನ್‌ಗೆ ಹೊರಟವರಿಗೂ ಇದು ಒಪ್ಪೀತು. ನಾನು ಹೇಳುವುದು ಮಾತ್ರ ಮಸ್ಕಿಯ ಸುತ್ತಲಿನ ನಮ್ಮದೇ ಸೀಮೆಯನ್ನು ಮುಂದಿಟ್ಟುಕೊಂಡು.

ಮೊದಲು ನೆಲ ಯಾವುದು ಎಂದು ತಿಳಿದುಕೊಳ್ಳೋಣ.

ನಮ್ಮ ಈ ಸೀಮೆಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಎಡೆ ಎಂದರೆ ನಡುವೆ. ತೊರೆ ಎಂದರೆ ಹೊಳೆ. ಎರಡು ಹೊಳೆಗಳ ನಡುವಿನ ನಾಡು. ಬಡಗಣ ದಿಕ್ಕಿಗೆ ಕೃಷ್ಣೆ. ತೆಂಕಣ ದಿಕ್ಕಿಗೆ ತುಂಗಭದ್ರೆ. ಎರಡೂ ರಾಯಚೂರನ್ನು ದಾಟಿ ಮೂಡಲಿಗೆ ಹರಿದು ಆಲಂಪುರದ ಹತ್ತಿರ ಒಂದಾಗುತ್ತವೆ. ಇತಿಹಾಸದ ಪುಸ್ತಕಗಳು ಇದನ್ನೇ ರಾಯಚೂರು ದೋಆಬ್ ಎನ್ನುತ್ತವೆ.

ಬಾನುಲಿಯಲ್ಲಿ ನಕ್ಷೆ ತೋರಿಸಲು ಬರುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. ನಿಮ್ಮ ಮನೆಯ ಗೋಡೆ ಗಡಿಯಾರವನ್ನು ನೋಡಿ. ಮುಳ್ಳುಗಳು ಕೂಡುವ ನಟ್ಟನಡುವೆ ಮಸ್ಕಿ ಇದೆ ಎಂದುಕೊಳ್ಳಿ. ಹನ್ನೆರಡರ ಜಾಗದಲ್ಲಿ ಹಟ್ಟಿ. ಹನ್ನೊಂದರ ಜಾಗದಲ್ಲಿ ಲಿಂಗಸುಗೂರು. ಒಂಬತ್ತು ದಾಟಿದ ಕೂಡಲೇ ಮುದಗಲ್. ಕೆಳಗೆ ಐದರ ಜಾಗದಲ್ಲಿ ಸಿಂಧನೂರು. ಈ ನಾಲ್ಕೂ ಊರು ಮಸ್ಕಿಯಿಂದ ಮೂವತ್ತು, ಹೆಚ್ಚೆಂದರೆ ನಲವತ್ತು ಕಿಲೋಮೀಟರಿನ ಒಳಗೇ ಇವೆ. ಜಲದುರ್ಗ ಮಾತ್ರ ಲಿಂಗಸುಗೂರಿನ ಆಚೆ, ಕೃಷ್ಣೆಯ ಒಡಲಲ್ಲಿ.

ಎಲ್ಲವೂ ಹತ್ತಿರ ಹತ್ತಿರ. ನಾನು ಮೋಸಹೋದದ್ದು ಇಲ್ಲಿಯೇ. ಹತ್ತಿರ ಇರುವುದರಿಂದ ಎಲ್ಲವನ್ನೂ ನೋಡಬಹುದು ಎಂದುಕೊಂಡೆ. ಊರು ಹತ್ತಿರ ಇದ್ದ ಮಾತ್ರಕ್ಕೆ ಅದರ ಕಾಲ ಹತ್ತಿರ ಇರುವುದಿಲ್ಲ. ಮಸ್ಕಿಯ ಶಾಸನಕ್ಕೆ ಸುಮಾರು 2,250 ವರ್ಷ. ಮುದಗಲ್ ಕೋಟೆಯ ಕಾಳಗಗಳಿಗೆ ಐದು ನೂರು, ಆರು ನೂರು ವರ್ಷ. ಸಿಂಧನೂರಿಗೆ ಕಾಲುವೆಯ ನೀರು ಬಂದು ಎಪ್ಪತ್ತು ವರ್ಷದ ಆಸುಪಾಸು. ಅರ್ಧ ಗಂಟೆ ಕಾರಿನಲ್ಲಿ ಕೂತರೆ ಸಾವಿರ ವರ್ಷ ದಾಟಿಬಿಡುತ್ತೇವೆ. ಕಾಲು ದಾಟುತ್ತದೆ, ತಲೆ ಹಿಂದೆಯೇ ಉಳಿಯುತ್ತದೆ.

ಹಾಗಾಗಿ ಹುಡುಗ ದೀಪಾವಳಿ ಮುಗಿದ ಮೇಲೆ ಮತ್ತೆ ಬರುತ್ತೇನೆ ಎಂದಾಗ ನಾನು ಹಳೆಯ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿದೆ. "ಅಲ್ಲೋ ತಮ್ಮಾ, ಆ ದೇಶದಾಗ ನೀನು ಹೆಂಗ ತಿರಗಿದಿ?" ಎಂದು ಕೇಳಿದೆ. "ಕೋಟೋರ್ ಅಂತ ಒಂದು ಊರು ಮಾಮಾ. ಸಮುದ್ರದ ದಂಡಿಗೆ ಹಳೇ ಕೋಟಿ ಊರು. ನಾಲ್ಕೂ ರಾತ್ರಿ ಅಲ್ಲೇ ಇದ್ದೆ. ದಿನಕ್ಕ ಒಂದು ಕಡೆ ಅಷ್ಟೆ" ಎಂದ. ಅಲ್ಲಿ ಅವನಿಗಿದ್ದ ಬುದ್ಧಿ ಇಲ್ಲಿ ನನಗೆ ಇರಲಿಲ್ಲ, ನೋಡಿ!

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಾಡು ಚಿಕ್ಕದು, ಆದರೆ ಅದರ ಪದರುಗಳು ಬಹಳ. ಎಲ್ಲವನ್ನೂ ಎರಡು ದಿನಕ್ಕೆ ತುಂಬಿದರೆ ಯಾವುದೂ ಉಳಿಯುವುದಿಲ್ಲ. ಹಾಗಾದರೆ ಯಾವುದನ್ನು ಆಯ್ದುಕೊಳ್ಳಬೇಕು?

ಊರುಗಳನ್ನು ಆಯುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಆಯ್ದುಕೊಳ್ಳಿ. ಇದು ನನ್ನ ಮೊದಲನೆಯ ಮಾತು. ಹೂ ಕಟ್ಟುವವರು ಮೊದಲು ದಾರ ಹಿಡಿಯುತ್ತಾರೆ. ಪ್ರವಾಸಕ್ಕೂ ಒಂದು ದಾರ ಬೇಕು.

ನಾವು ಹಿಡಿದ ದಾರ ಇದು: ಈ ಬಿಸಿಲ ನಾಡಿಗೆ ದೂರದೂರದವರೆಲ್ಲ ಯಾಕೆ ಬಂದರು? ಪಾಟಲಿಪುತ್ರದ ಅರಸನ ಮಾತು ಇಲ್ಲಿಯ ಬಂಡೆಯ ಮೇಲೆ ಯಾಕೆ ಬಂತು? ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಇದಕ್ಕಾಗಿ ಯಾಕೆ ಬಡಿದಾಡಿದರು? ಉತ್ತರಗಳು ಹಲವಿರಬಹುದು. ಅದರಲ್ಲಿ ಒಂದು ನೆಲದೊಳಗೇ ಇದೆ. ಹಟ್ಟಿಯಿಂದ ಮಸ್ಕಿಯವರೆಗೆ ನೆಲದಡಿಯಲ್ಲಿ ಚಿನ್ನ ಇರುವ ಕಲ್ಲಿನ ಪಟ್ಟಿ ಹಾದಿದೆ. ಭೂವಿಜ್ಞಾನಿಗಳು ಇದನ್ನು ಹಟ್ಟಿ–ಮಸ್ಕಿ ಪಟ್ಟಿ ಎಂದೇ ಕರೆಯುತ್ತಾರೆ.

ಈ ದಾರ ಕೈಗೆ ಬಂದ ಮೇಲೆ ಆಯ್ಕೆ ತಾನಾಗಿಯೇ ಆಯಿತು. ಮೊದಲ ದಿನ ಮಸ್ಕಿ. ಎರಡನೆಯ ದಿನ ಮುದಗಲ್ ಮತ್ತು ಹಟ್ಟಿ. ಅಷ್ಟೆ. ನಿಮ್ಮ ದಾರ ಬೇರೆ ಇರಬಹುದು. ನೀರಿನ ದಾರ ಹಿಡಿದರೆ ನೀವು ಸಿಂಧನೂರಿನ ಕಾಲುವೆಗೂ ನಾರಾಯಣಪುರದ ಅಣೆಕಟ್ಟಿಗೂ ಹೋಗುತ್ತೀರಿ. ಭಕ್ತಿಯ ದಾರ ಹಿಡಿದರೆ ಅಂಬಾಮಠಕ್ಕೆ ಹೋಗುತ್ತೀರಿ. ನಮ್ಮ ಕಡೆ ನವರಾತ್ರಿಯಲ್ಲಿ ಮನೆಮನೆಯಲ್ಲೂ ಓದುವ ದೇವಿ ಪುರಾಣವನ್ನು ಬರೆದ ಚಿದಾನಂದಾವಧೂತರ ನೆಲೆ ಅದು. ಯಾವ ದಾರವಾದರೂ ಸರಿ. ಒಂದು ಸಲಕ್ಕೆ ಒಂದೇ ಇರಲಿ.

ಒಂದು ಪ್ರಶ್ನೆ ಹಿಡಿಯಿರಿ ಎಂದೆ. ಎರಡನೆಯ ಮಾತು ಕಾಲದ್ದು. ಯಾವ ತಿಂಗಳು, ಯಾವ ಹೊತ್ತು?

ನಮ್ಮ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಬಂಡೆಗಳ ನಡುವೆ ನಡೆಯುವ ಕಾಲ ಅದಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಬೇರೆ ತೊಡಕು. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಟ್ಟರೆ ಜಲದುರ್ಗದ ಕಡೆಯ ಸೇತುವೆ ಮುಳುಗುತ್ತದೆ. ನಡುಗಡ್ಡೆಯ ಜನರಿಗೇ ದಾರಿ ಕಡಿಯುತ್ತದೆ. ಹೋಗುವ ಮುಂಚೆ ಲಿಂಗಸುಗೂರಿನಲ್ಲಿ ಯಾರಿಗಾದರೂ ಫೋನು ಮಾಡಿ ವಿಚಾರಿಸುವುದು ಒಳ್ಳೆಯದು. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಹಿತ. ಹೊಲದಲ್ಲಿ ಜೋಳ, ಕಡಲೆ ಇರುತ್ತವೆ. ಸಿಂಧನೂರಿನ ಕಡೆ ಭತ್ತದ ಕೊಯ್ಲು ನಡೆದಿರುತ್ತದೆ. ಗಾಳಿಯಲ್ಲಿ ಹುಲ್ಲಿನ ವಾಸನೆ ತುಂಬಿರುತ್ತದೆ.

ಇದಕ್ಕೆ ಒಂದು ಅಪವಾದ ಉಂಟು. ಅದು ಮುದಗಲ್ ಮೊಹರಂ. ಅದು ಚಂದ್ರನ ಲೆಕ್ಕದಲ್ಲಿ ಬರುವ ಹಬ್ಬ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅದು ಬಿದ್ದ ತಿಂಗಳು ಯಾವುದಾದರೂ ಮುದಗಲ್ ಆಗ ಬೇರೆಯೇ ಊರು. ಹಿಂದೂ ಮುಸ್ಲಿಂ ಎನ್ನದೆ ಸುತ್ತಲ ಹಳ್ಳಿಯವರೆಲ್ಲ ಹರಕೆ ಹೊತ್ತು ಬರುತ್ತಾರೆ. ಹಲಗೆಯ ಸದ್ದು, ಹೆಜ್ಜೆ ಕುಣಿತ, ಕನ್ನಡದ ರಿವಾಯತ್ ಪದ. ಕೋಟೆ ನೋಡಬೇಕು ಎಂದಿದ್ದರೆ ಆ ದಿನ ಹೋಗಬೇಡಿ. ಜನರನ್ನು ನೋಡಬೇಕು ಎಂದಿದ್ದರೆ ಆ ದಿನವೇ ಹೋಗಿ.

ದಿನದೊಳಗಿನ ಹೊತ್ತೂ ಮುಖ್ಯ. ಅಶೋಕನ ಶಾಸನಕ್ಕೆ ನಾವು ಬೆಳಗ್ಗೆ ಏಳಕ್ಕೇ ಹೋದೆವು. ಅಲ್ಲಿಗೆ ನಿಮ್ಮನ್ನೂ ಕರೆದೊಯ್ಯುತ್ತೇನೆ.

ಮಸ್ಕಿ ಊರಿನ ಮಗ್ಗುಲಿಗೇ ಗುಡ್ಡ. ದೊಡ್ಡ ದೊಡ್ಡ ಗುಂಡುಗಲ್ಲುಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ಯಾರೋ ಆಟವಾಡಿ ಹಾಗೇ ಬಿಟ್ಟುಹೋದಂತೆ. ಅಂಥ ಕಲ್ಲುಗಳ ನಡುವಿನ ಗವಿಯಂಥ ಸಂದಿನಲ್ಲಿ ಒಂದು ಬಂಡೆ. ಅದರ ಮೇಲೆ ಎಂಟು ಸಾಲು. ಲಿಪಿ ಬ್ರಾಹ್ಮಿ. ಭಾಷೆ ಪ್ರಾಕೃತ. ಅಕ್ಷರ ಎಂದರೆ ನಮ್ಮ ಕನ್ನಡದ ಹಾಗೆ ದುಂಡಗಲ್ಲ. ಕೂಡಿಸುವ ಗುರುತು, ಕಡ್ಡಿ, ಸೊನ್ನೆ, ಕೊಕ್ಕೆ, ಇಂಥ ಗೆರೆಗಳು. ಮಕ್ಕಳು ಮಸಿಕಡ್ಡಿಯಿಂದ ಗೀಚಿದಷ್ಟು ಸರಳ.

ಇದನ್ನು ಜಗತ್ತಿಗೆ ತಿಳಿಸಿದವನು ಪಂಡಿತನಲ್ಲ. ಬೀಡನ್ ಎಂಬ ಒಬ್ಬ ಗಣಿ ಎಂಜಿನಿಯರು. 1915ರ ಜನವರಿಯಲ್ಲಿ, ನಿಜಾಮರ ಆಳ್ವಿಕೆಯ ಕಾಲದಲ್ಲಿ, ಅವನು ಈ ಗುಡ್ಡಗಳಲ್ಲಿ ಚಿನ್ನ ಹುಡುಕುತ್ತಿದ್ದ. ಸಿಕ್ಕಿದ್ದು ಅಕ್ಷರ. ಅದೇ ವರ್ಷ ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಅದರಲ್ಲಿ ಅಂಥದ್ದೇನಿತ್ತು? ಒಂದು ಹೆಸರಿತ್ತು. ದೇಶದ ಉದ್ದಗಲಕ್ಕೂ ಇಂಥ ಶಾಸನಗಳು ಸಿಕ್ಕಿದ್ದವು. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ್ದ. ಆದರೆ ಅವುಗಳಲ್ಲಿ ಅರಸ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಇವನೇ ಅಶೋಕ ಎಂದು ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಹೇಳುತ್ತಿದ್ದರು. ಕಲ್ಲಿನ ಸಾಕ್ಷಿ ಬೇಕಿತ್ತು. ಮಸ್ಕಿಯ ಬಂಡೆ ಮೊದಲ ಸಾಲಿನಲ್ಲೇ ಅಶೋಕ ಎಂದುಬಿಟ್ಟಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳದಲ್ಲಿ ಆ ಹೆಸರು ಮತ್ತೆ ಸಿಕ್ಕಿತು. ಮೊದಲು ಬಾಯಿಬಿಟ್ಟದ್ದು ಮಸ್ಕಿ.

ಶಾಸನದ ತಿರುಳು ದೊಡ್ಡವರಿಗೆ ಮಾತ್ರ ಹೇಳಿದ್ದಲ್ಲ. ಧರ್ಮದಲ್ಲಿ ತೊಡಗಿದರೆ ಚಿಕ್ಕವನಿಗೂ ಫಲ ದೊರೆಯುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ ಎಂಬುದು ಅದರ ಸಾರ. ಹುಡುಗ ಇದನ್ನು ಕೇಳಿ ಸುಮ್ಮನೆ ಕೂತ. ಮೊದಲ ಸಲ ಬಂದಾಗ ಇದೇ ಬಂಡೆಯ ಮುಂದೆ ನಾವು ಹದಿನೈದು ನಿಮಿಷ ಇದ್ದೆವು. ಈ ಸಲ ಎರಡು ಗಂಟೆ ಇದ್ದೆವು. ಬಿಸಿಲೇರಿ ಕಲ್ಲು ಕಾಯತೊಡಗಿದ ಮೇಲೆ ಎದ್ದೆವು.

ಅಶೋಕನ ಶಾಸನಗಳಲ್ಲೇ ಸುವರ್ಣಗಿರಿ ಎಂಬ ಊರಿನ ಹೆಸರು ಬರುತ್ತದೆ. ತೆಂಕಣ ಸೀಮೆಯ ಆಡಳಿತ ಅಲ್ಲಿಂದ ನಡೆಯುತ್ತಿತ್ತು. ಅದು ಕನಕಗಿರಿ ಎಂದು ಕೆಲವರು, ಮಸ್ಕಿಯೇ ಎಂದು ಕೆಲವರು. ಎರಡೂ ನಮ್ಮ ಸೀಮೆಯವೇ. ಹೆಸರಿನಲ್ಲೇ ಚಿನ್ನವಿದೆ. ನಮ್ಮ ದಾರ ಇಲ್ಲಿ ಗಟ್ಟಿಯಾಯಿತು.

ಸಂಜೆ ಮಲ್ಲಿಕಾರ್ಜುನ ಬೆಟ್ಟ ಹತ್ತಿದೆವು. ಎರಡನೆಯ ಶ್ರೀಶೈಲ ಎಂದು ಭಕ್ತರು ಕರೆಯುವ ಜಾಗ. ಮೇಲೆ ನಿಂತರೆ ಕೆಳಗಿನ ಊರಿನ ಸದ್ದೆಲ್ಲ ಕೇಳುತ್ತದೆ. ಬಸ್ಸಿನ ಹಾರ್ನು, ಹಿಟ್ಟಿನ ಗಿರಣಿ, ಹೊಲದಿಂದ ಹಿಂದಿರುಗುವ ಟ್ರ್ಯಾಕ್ಟರು. 1954ರಲ್ಲಿ ಬಿ.ಕೆ. ಥಾಪರ್ ಅವರು ಈ ಮಸ್ಕಿಯಲ್ಲಿ ಉತ್ಖನನ ಮಾಡಿದಾಗ ಪದರು ಪದರಾಗಿ ಬೇರೆ ಬೇರೆ ಕಾಲದ ವಸತಿ ಸಿಕ್ಕಿತು. ಕಲ್ಲಿನ ಕೊಡಲಿ ಹಿಡಿದವರು, ಬೃಹತ್ ಶಿಲೆಗಳ ಗೋರಿ ಕಟ್ಟಿದವರು, ಆಮೇಲಿನವರು. ಅಷ್ಟು ಹಿಂದೆಯೇ ಇಲ್ಲಿ ಮನುಷ್ಯರ ಸದ್ದು ಇತ್ತು.

ಈಗ ಮತ್ತೊಮ್ಮೆ ನೆನಪು ಮಾಡಿಕೊಳ್ಳೋಣ. ಒಂದು, ದಾರ ಹಿಡಿಯಿರಿ. ಎರಡು, ಕಾಲ ನೋಡಿ. ಮೂರನೆಯ ಮಾತು ತಂಗುವ ಊರಿನದು.

ಚಿಕ್ಕ ಪ್ರವಾಸದಲ್ಲಿ ದಿನಕ್ಕೊಂದು ಕಡೆ ಗಂಟುಮೂಟೆ ಬಿಚ್ಚಬೇಡಿ. ಒಂದು ಊರನ್ನು ಮನೆ ಮಾಡಿಕೊಳ್ಳಿ. ಬೆಳಗ್ಗೆ ಹೊರಡಿ, ರಾತ್ರಿ ಅಲ್ಲಿಗೇ ಮರಳಿ. ನಮಗೆ ಮಸ್ಕಿಯಲ್ಲಿ ಮನೆಯೇ ಇತ್ತು. ಹೊರಗಿನಿಂದ ಬರುವವರಿಗೆ ಸಿಂಧನೂರು ಅಥವಾ ಲಿಂಗಸುಗೂರು ಅನುಕೂಲ. ಎರಡೂ ತಾಲ್ಲೂಕು ಊರುಗಳು. ಉಳಿಯಲು ಲಾಡ್ಜು, ಉಣ್ಣಲು ಖಾನಾವಳಿ ಸಿಗುತ್ತವೆ. ಸಿಂಧನೂರಿಗೆ ಈಚೆಗೆ ರೈಲೂ ಬಂದಿದೆ. ಕಾರು ಇಲ್ಲದವರು ಹೆದರಬೇಕಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಊರುಗಳು. ಬಸ್ಸು ಬಿಟ್ಟರೆ ಇನ್ನೊಂದು ಬಸ್ಸು ಬರುತ್ತದೆ.

ಒಂದೇ ಊರಿನಲ್ಲಿ ಎರಡು ರಾತ್ರಿ ಇದ್ದರೆ ಇನ್ನೊಂದು ಲಾಭ ಉಂಟು. ಎರಡನೆಯ ಬೆಳಗಿನ ಹೊತ್ತಿಗೆ ಹೋಟೆಲಿನವನಿಗೆ ನಿಮ್ಮ ಮುಖ ಪರಿಚಯವಾಗಿರುತ್ತದೆ. ಮೊದಲ ದಿನ ಮಂಡಾಳು ಒಗ್ಗರಣಿ, ಮಿರ್ಚಿ ಕೊಟ್ಟು ದುಡ್ಡು ತೆಗೆದುಕೊಂಡ. ಎರಡನೆಯ ದಿನ "ಎಲ್ಲಿಗ್ರೀ ಸಾಹೇಬ್ರ ಇವತ್ತು?" ಎಂದು ಕೇಳಿದ. ಮುದಗಲ್ ಎಂದೆವು. "ಹಂಗಾದ್ರ ಲಗೂನ ಹೋಗ್ರಿ. ಹತ್ತರ ಮ್ಯಾಲೆ ಕಲ್ಲಿನ ಝಳ ತಡಿಯಂಗಿಲ್ಲ" ಎಂದ. ಪ್ರವಾಸದ ಪುಸ್ತಕದಲ್ಲಿ ಇರದ ಮಾತು ಇದು.

ಲಗೂನೇ ಹೋದೆವು. ಮುದಗಲ್ ಕೋಟೆಗೆ ಎರಡು ಸುತ್ತಿನ ಗೋಡೆ. ಹೊರಸುತ್ತಿನ ಆಚೆ ಅಗಲವಾದ ಕಂದಕ. ಬಾಗಿಲಿಗೆ ನೇರವಾಗಿ ನುಗ್ಗಲು ಬರುವುದಿಲ್ಲ. ದಾರಿ ಅಂಕುಡೊಂಕಾಗಿ ತಿರುಗುತ್ತದೆ. ಹಗೆಯ ಓಟವನ್ನು ಮುರಿಯಲು ಮಾಡಿದ ಉಪಾಯ. ಗೋಡೆಯ ಮೇಲೆ ಅಂಗೈ ಇಟ್ಟರೆ ಬೆಳಗಿನ ತಂಪು ಇನ್ನೂ ಆರಿರಲಿಲ್ಲ.

ಈ ಕೋಟೆ ಎಷ್ಟು ಕೈ ಬದಲಾಯಿಸಿತು! ಬಹಮನಿಗಳು, ವಿಜಯನಗರದವರು, ಮತ್ತೆ ಬಹಮನಿಗಳು, ಬಿಜಾಪುರದ ಆದಿಲ್‌ಶಾಹಿಗಳು. 1406ರ ಸುಮಾರಿನ ಒಂದು ಯುದ್ಧಕ್ಕೆ ಮುದಗಲ್ಲಿನ ಒಬ್ಬ ಅಕ್ಕಸಾಲಿಗನ ಮಗಳು ಕಾರಣ ಎಂದು ಫರಿಷ್ತಾ ಎಂಬ ಇತಿಹಾಸಕಾರ ಬರೆದಿದ್ದಾನೆ. ಆಕೆಯ ಚೆಲುವಿನ ಸುದ್ದಿ ಕೇಳಿ ಮೊದಲನೆಯ ದೇವರಾಯ ದಂಡು ಕಳಿಸಿದನಂತೆ. ಬಹಮನಿಯ ಫಿರೋಜ್‌ಷಾ ಎದುರು ನಿಂತನಂತೆ. ಕತೆ ಎಷ್ಟು ನಿಜವೋ. ಒಂದಂತೂ ನಿಜ. ಅರಸರು ಹೊಡೆದಾಡಿದ್ದು ಒಬ್ಬ ಹುಡುಗಿಗಾಗಿ ಅಲ್ಲ. ಎರಡು ಹೊಳೆ, ಕಪ್ಪು ಮಣ್ಣು, ನೆಲದೊಳಗಿನ ಹೊನ್ನು. ಇವು ಯಾರಿಗೆ ಬೇಡ? 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. 1565ರಲ್ಲಿ ಮುದಗಲ್ಲಿನ ಬಡಗಲಿಗೆ, ಕೃಷ್ಣೆಯ ದಂಡೆಯಲ್ಲಿ ವಿಜಯನಗರ ಸೋತಿತು. ಎಡೆದೊರೆ ನಾಡು ಆದಿಲ್‌ಶಾಹಿಗಳ ಪಾಲಾಯಿತು.

ಹುಡುಗ ಆಗ ಒಂದು ಮಾತು ಹೇಳಿದ. "ಮಾಮಾ, ಆ ದೇಶನೂ ಹಿಂಗ. ವೆನಿಸ್‌ನವ್ರು ಒಂದು ಕಡಿ, ತುರ್ಕರು ಒಂದು ಕಡಿ. ಅವರ ಕೋಟಿ ಇವರು, ಇವರ ಕೋಟಿ ಅವರು." ಮುದಗಲ್ಲಿನಲ್ಲೂ ಒಂದೇ ಊರಿನಲ್ಲಿ ಗುಡಿ, ಮಸೀದಿ, ಆಶೂರಖಾನೆ, ಜೆಸ್ವಿಟ್ ಪಾದ್ರಿಗಳು ಕಟ್ಟಿದ ಹಳೆಯ ಚರ್ಚು ಎಲ್ಲ ಉಂಟು. ಬಡಿದಾಡಿದವರು ಹೋದರು. ಬಾಳಿದವರು ಉಳಿದರು.

ಮಧ್ಯಾಹ್ನ ಲಿಂಗಸುಗೂರಿಗೆ ಬಂದೆವು. ಈ ಊರು ಒಂದು ಕಾಲಕ್ಕೆ ಜಿಲ್ಲೆಯ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆ ಹೋಗಿ ಊರು ರಾಯಚೂರು ಜಿಲ್ಲೆಯೊಳಗೆ ಸೇರಿತು. ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಉಂಡು, ನೆರಳಲ್ಲಿ ಒಂದು ಗಂಟೆ ಅಡ್ಡಾದೆವು. ಯೋಜನೆಯಲ್ಲಿ ನಿದ್ದೆಗೂ ಜಾಗ ಇರಲಿ, ಕೇಳುಗರೇ. ಅದು ವೇಳೆ ಹಾಳಲ್ಲ.

ನಾಲ್ಕರ ಹೊತ್ತಿಗೆ ಹಟ್ಟಿ. ದೂರದಿಂದಲೇ ಒಂದು ಎತ್ತರದ ಕಬ್ಬಿಣದ ಗೋಪುರ ಕಾಣುತ್ತದೆ. ಅದರ ತುದಿಯಲ್ಲಿ ದೊಡ್ಡ ಗಾಲಿ. ಗಾಲಿಗೆ ಸುತ್ತಿದ ಉಕ್ಕಿನ ಹಗ್ಗ. ಹಗ್ಗಕ್ಕೆ ಕಟ್ಟಿದ ಪಂಜರ ಕೆಲಸದವರನ್ನು ನೆಲದೊಳಕ್ಕೆ ಇಳಿಸುತ್ತದೆ, ಮೇಲಕ್ಕೆ ತರುತ್ತದೆ. ಮೊದಲೇ ಅನುಮತಿ ಪಡೆಯದೆ ಗಣಿಯೊಳಗೆ ಯಾರನ್ನೂ ಬಿಡುವುದಿಲ್ಲ. ಬಿಡಬಾರದು ಕೂಡ. ನಾವು ಹೊರಗಿನ ದಾರಿಯಲ್ಲೇ ನಿಂತು ಪಾಳಿ ಬದಲಾಗುವುದನ್ನು ನೋಡಿದೆವು. ಬುತ್ತಿ ಡಬ್ಬಿ ಹಿಡಿದು ಒಳಗೆ ಹೋಗುವವರು. ದಣಿದು ಹೊರಗೆ ಬರುವವರು.

ಇಂದಿನ ಕಂಪನಿ 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಎಂಬ ಹೆಸರಿನಲ್ಲಿ ಶುರುವಾದದ್ದು. 1956ರಲ್ಲಿ ಹಟ್ಟಿ ಎಂಬ ಹೆಸರು ಪಡೆಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ನೆಲದಿಂದ ಚಿನ್ನ ತೆಗೆಯುವ ದೊಡ್ಡ ಗಣಿ ಎಂದರೆ ಇದೇ. ಆದರೆ ಇದು ಹೊಸ ಗಣಿಯಲ್ಲ. ಇಲ್ಲಿಯ ಹಳೆಯ ಕುಳಿಗಳಲ್ಲಿ ಸಿಕ್ಕ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಸುಮಾರು 1,900 ವರ್ಷ ಹಳೆಯವು ಎಂದು ತಿಳಿಯಿತು. ಆ ಕಾಲದವರು ಆರುನೂರು ಅಡಿಗೂ ಮಿಗಿಲಾಗಿ ಕೆಳಗೆ ಇಳಿದಿದ್ದರು. ಸಿಡಿಮದ್ದು ಇಲ್ಲ. ಕರೆಂಟು ಇಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸುವುದು. ಕಾದ ಬಂಡೆ ಸೀಳು ಬಿಟ್ಟಮೇಲೆ ಒಡೆಯುವುದು. ಹಾಗೆ ಅಂಗುಲ ಅಂಗುಲ ಇಳಿದರು. ಇಂದಿಗೂ ಒಂದು ಟನ್ ಕಲ್ಲು ಅರೆದರೆ ಕೈಗೆ ಬರುವುದು ಕೆಲವೇ ಗ್ರಾಂ ಚಿನ್ನ.

ಗಾಲಿ ತಿರುಗುವುದನ್ನು ನೋಡುತ್ತ ಹುಡುಗ ನಮ್ಮ ಪ್ರಶ್ನೆಯನ್ನು ತಾನೇ ಎತ್ತಿದ. "ಅಶೋಕನ ಮಾತು ಬಂದಿದ್ದು, ರಾಜರು ಬಡಿದಾಡಿದ್ದು, ಆ ಎಂಜಿನಿಯರು ಅಲೆದಿದ್ದು, ಎಲ್ಲಾ ಇದರ ಸಲುವಾಗಿ ಅಲ್ಲ ಮಾಮಾ?" ಪೂರ್ತಿ ಹೌದು ಎನ್ನಲಾರೆ. ಆದರೆ ಅವನು ಮೂರು ಊರನ್ನು ಒಂದು ಮಾತಿನಲ್ಲಿ ಕಟ್ಟಿದ್ದ. ಮೊದಲ ಸಲ ಬಂದಾಗ ಇವನಿಗೆ ಎರಡು ಕೋಟೆಗಳ ಗುರುತೇ ಹತ್ತಿರಲಿಲ್ಲ.

ಇಷ್ಟು ಹೇಳಿ ಕೊನೆಯ ಮಾತಿಗೆ ಬರುತ್ತೇನೆ. ದಾರ ಒಂದು. ಕಾಲ ಎರಡು. ತಂಗುವ ಊರು ಮೂರು. ನಾಲ್ಕನೆಯದು ಬಿಡುವುದು. ಇದು ಎಲ್ಲಕ್ಕಿಂತ ಕಷ್ಟ.

ಹಟ್ಟಿಯಲ್ಲಿ ಇನ್ನೂ ಬೆಳಕಿತ್ತು. ಜಲದುರ್ಗಕ್ಕೆ ಓಡಿದರೆ ಮುಳುಗುವ ಸೂರ್ಯ ಸಿಗುತ್ತಾನೋ ಏನೋ ಎಂದು ನನ್ನ ಮನಸ್ಸು ತುಯ್ದಾಡಿತು. ಕೃಷ್ಣೆ ಕವಲೊಡೆದು ಸುತ್ತುವರಿದ ನಡುಗಡ್ಡೆ, ಅದರ ಮೇಲೆ ಕೋಟೆ. ಆಸೆ ಯಾರಿಗಿಲ್ಲ? ಕಿಸೆಯಲ್ಲಿದ್ದ ಹಳೆಯ ಪಟ್ಟಿಯ ಮೇಲೆ ಕೈ ಹೋಯಿತು. ಆಗ ಹುಡುಗನೇ ಬೇಡ ಎಂದ. "ಇವತ್ತಿಗೆ ಸಾಕು ಮಾಮಾ. ಓಡಿದ್ರ ಹೋದ ಸಲದಂಗ ಆಗ್ತದ."

ಹಾಗಾಗಿ ಗುರುಗುಂಟಾದ ಹತ್ತಿರದ ಅಮರೇಶ್ವರಕ್ಕೆ ಹೋಗಿ ಸುಮ್ಮನೆ ಕೂತೆವು. ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ನೋಡುವ ಜಾಗ ಎಂದು ನನಗೆ ಅನಿಸಿರಲಿಲ್ಲ. ಚಿಕ್ಕಂದಿನಿಂದ ಜಾತ್ರೆಗೆ ಹೋದ ಜಾಗ, ಅಷ್ಟೆ. ಗುಡಿಯ ಗಂಟೆ ಕೇಳುತ್ತಿದ್ದಂತೆ ನನಗೆ ಲಕ್ಕಮ್ಮ ನೆನಪಾದಳು.

ನಿಮಗೆಲ್ಲ ಗೊತ್ತಿರುವ ಕತೆ ಅದು. ಹನ್ನೆರಡನೆಯ ಶತಮಾನ. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಇದೇ ಅಮರೇಶ್ವರದವರು. ಇಲ್ಲಿಂದ ಕಲ್ಯಾಣಕ್ಕೆ ಹೋದರು. ಆದರೂ ಊರಿನ ದೇವರ ಹೆಸರನ್ನು ವಚನದ ಅಂಕಿತದಲ್ಲಿ ಉಳಿಸಿಕೊಂಡರು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ನಮಗೆ ಬೇಕಾದಷ್ಟು ಸಾಕು, ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದಳು.

ಹುಡುಗನಿಗೆ ಈ ಕತೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಗು ಬಂತು. ಹನ್ನೊಂದು ಜಾಗ ಆಯ್ದು ತಂದ ಮಾರಯ್ಯ ನಾನೇ. ಸುರಿದು ಬಾ ಎನ್ನುವ ಲಕ್ಕಮ್ಮ ಇಷ್ಟು ಹತ್ತಿರ ಇದ್ದಳು. ನಾನು ಬಾಲ್ಕನ್ ಸುತ್ತಿ ಬಂದವನ ಬಾಯಿಂದ ಅದನ್ನು ಕೇಳಬೇಕಾಯಿತು!

ಕೇಳುಗರೇ, ಬಿಟ್ಟದ್ದು ಕಳೆದುಹೋಗುವುದಿಲ್ಲ. ಪಿಕ್ಲಿಹಾಳದ ಬಂಡೆಗಳ ಮೇಲಿನ ಎತ್ತುಗಳ ಚಿತ್ರಗಳು ಅಲ್ಲೇ ಇವೆ. 1952ರಲ್ಲಿ ಪುರಾತತ್ವಜ್ಞ ಆಲ್ಚಿನ್ ಬಂದು ಅಗೆಯುವ ಮುಂಚೆಯೂ ಇದ್ದವು, ಮುಂದೆಯೂ ಇರುತ್ತವೆ. ಸಿಂಧನೂರಿನಲ್ಲಿ ನೋಡಬೇಕಾದ್ದು ಕಲ್ಲಲ್ಲ, ಜನ. ತುಂಗಭದ್ರೆಯ ಎಡದಂಡೆ ಕಾಲುವೆ ಸುಮಾರು 225 ಕಿಲೋಮೀಟರ್ ಉದ್ದ. ಅದರ ನೀರು ಮುಟ್ಟಿದ ಕಡೆಯೆಲ್ಲ ಕ್ಯಾಂಪುಗಳೆದ್ದಿವೆ. ಆಂಧ್ರದಿಂದ ಬಂದ ರೈತರು, ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳು ಅಲ್ಲಿ ನೆಲೆಸಿದ್ದಾರೆ. ಅದನ್ನು ತಿಳಿಯಲು ಬೇರೆಯೇ ಎರಡು ದಿನ ಬೇಕು. ಅಲ್ಲಿಯ ದಾರವೂ ಬೇರೆ.

ನಿಮ್ಮ ಮಕ್ಕಳು ರಜೆಗೆ ಊರಿಗೆ ಬಂದಾಗ ನೀವೂ ಒಂದು ಪಟ್ಟಿ ಬರೆಯಿರಿ. ಬರೆದ ಮೇಲೆ ಅರ್ಧಕ್ಕಿಂತ ಹೆಚ್ಚು ಹೊಡೆದುಹಾಕಿ. ಒಂದು ಪ್ರಶ್ನೆ ಹಿಡಿಯಿರಿ. ತಂಪಾದ ತಿಂಗಳು, ತಂಪಾದ ಹೊತ್ತು ನೋಡಿ. ಒಂದೇ ಊರಿನಲ್ಲಿ ತಂಗಿ. ರೊಟ್ಟಿಯ ಗಂಟು ಬಿಚ್ಚಲು ವೇಳೆ ಇಟ್ಟುಕೊಳ್ಳಿ.

ಹುಡುಗ ಬೆಂಗಳೂರಿಗೆ ಮರಳಿ ಒಂದು ವಾರವಾಯಿತು. ಈ ಸಲವೂ ಒಂದು ಫೋಟೊ ಬರುತ್ತದೆ, ಕೆಳಗೆ ಯಾವ ಊರು ಎಂಬ ಪ್ರಶ್ನೆ ಇರುತ್ತದೆ ಎಂದು ಕಾದಿದ್ದೆ. ಫೋಟೊ ಬಂತು. ನಮ್ಮ ಗುಡ್ಡದ ಬಂಡೆ. ಕೆಳಗೆ ಬರೆದಿದ್ದ: "ಮೊದಲನೇ ಸಾಲಿನಾಗ ಅಶೋಕನ ಹೆಸರು ಓದಲಿಕ್ಕೆ ಬಂತು ಮಾಮಾ. ಉಳಿದ ಅಕ್ಷರ ಕಲಿಯಾಕತ್ತೀನಿ."

ನನ್ನ ಹಳೆಯ ಪಟ್ಟಿಯಲ್ಲಿ ಇನ್ನೂ ಏಳು ಜಾಗ ಉಳಿದಿವೆ. ಕಾಗದವನ್ನು ಹರಿದಿಲ್ಲ. ಮಡಚಿ ಪಂಚಾಂಗದೊಳಗೆ ಇಟ್ಟಿದ್ದೇನೆ.